ಬೇಕಾದಾಗ ತೆಗೀಬಹುದು

ನಮ್ಮ ಮನೆಯಲ್ಲಿ ನನ್ನದು ಅಂತ ಹೇಳಿಕೊಳ್ಳುವಂಥ ಜಾಗ ಒಂದೇ ಒಂದಿತ್ತು. ಬೀದಿ ಕಡೆಯ ಸಣ್ಣ ಕೋಣೆ. ಅಲ್ಲಿ ಕ್ಯಾನ್ವಾಸ್ ಬಟ್ಟೆಯ ಒಂದು ಆರಾಮಕುರ್ಚಿ, ಒಂದು ಹಳೆಯ ರೇಡಿಯೊ, ಕಾಲು ಚಾಚುವುದಕ್ಕೆ ಒಂದು ಸ್ಟೂಲು. ಆಫೀಸಿನಿಂದ ಬಂದವನು ಬಟ್ಟೆ ಬದಲಾಯಿಸಿ ಆ ಕುರ್ಚಿಯಲ್ಲಿ ಕೂತು ಪದಬಂಧ ಬಿಡಿಸುತ್ತಿದ್ದೆ. (ಮುಖದ ಮೇಲೆ ಪತ್ರಿಕೆ ಮುಚ್ಚಿಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತ ಪದಬಂಧ ಬಿಡಿಸುವ ವಿದ್ಯೆ ಎಲ್ಲರಿಗೂ ಸಿದ್ಧಿಸುವುದಿಲ್ಲ.) ಕುರ್ಚಿಯ ಬಟ್ಟೆ ನನ್ನ ಬೆನ್ನಿನ ಆಕಾರಕ್ಕೇ ಇಳಿದು ಕೂತಿತ್ತು. ಬೇರೆ ಯಾರು ಕೂತರೂ ಒಂದು ಪಕ್ಕಕ್ಕೆ ವಾಲುತ್ತಿದ್ದರು. ಆ ಸಾಮ್ರಾಜ್ಯ ನನ್ನ ಕೈತಪ್ಪಿದ್ದು ಹೇಗೆ ಅಂತ ಹೇಳುತ್ತೇನೆ. ತಪ್ಪು ಯಾರದು ಅನ್ನುವುದನ್ನು ನೀವೇ ತೀರ್ಮಾನಿಸಿ. ನನ್ನ ಹೆಂಡತಿ ಈಗಾಗಲೇ ತೀರ್ಮಾನಿಸಿದ್ದಾಳೆ.

ಮಂಡಿನೋವು ಜಾಸ್ತಿಯಾದ ಮೇಲೆ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ನಮ್ಮ ಮನೆಗೇ ಬಂದರು. ಅವರಿಗೆ ಹಿಂದಿನ ಕೋಣೆ ಕೊಟ್ಟೆವು. ಅವರ ಮೇಲೆ ನನ್ನ ದೂರೇನೂ ಇಲ್ಲ. ಊಟದಲ್ಲಿ ತಂಟೆಯಿಲ್ಲ, ಮಾತಿನಲ್ಲಿ ಮೊನಚಿಲ್ಲ, ನನ್ನನ್ನು "ಅಳಿಯಂದ್ರೇ" ಅಂತಲೇ ಕರೆಯುತ್ತಾರೆ. ದೂರಿದ್ದದ್ದು ಅವರಿಗೆ, ಅದೂ ಕಿಟಕಿಯ ಮೇಲೆ. ಆ ಕೋಣೆಗೆ ಇರುವುದು ಒಂದೇ ಕಿಟಕಿ, ಅದರ ಮರ ಒಣಗಿ ಸೊಟ್ಟಗಾಗಿತ್ತು. ಬಹಳ ವರ್ಷ ಸಂಸಾರ ಮಾಡಿದ ಗಂಡ ಹೆಂಡಿರ ಹಾಗೆ ಅದರ ಎರಡು ಬಾಗಿಲೂ ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಎಷ್ಟು ಒತ್ತಿ ಹಾಕಿದರೂ ನಡುವೆ ಬೆರಳು ತೂರುವಷ್ಟು ಸಂದು.

ಬೆಳಿಗ್ಗೆ ಕಾಫಿ ಲೋಟ ಕೈಗೆ ಬರುತ್ತಲೇ ಅತ್ತೆ ಹೇಳುತ್ತಿದ್ದರು, "ರಾತ್ರಿಯೆಲ್ಲ ಗಾಳಿ. ಕಿವಿಯೊಳಗೇ ಬಂದು ಮಾತಾಡಿದ ಹಾಗೆ." ಗಾಳಿಯಿಲ್ಲದ ಕಾಲದಲ್ಲಿ, "ರಾತ್ರಿಯೆಲ್ಲ ಸೊಳ್ಳೆ. ನಿಮ್ಮೂರಿನ ಸೊಳ್ಳೆಗೆ ಹಿರಿಯರು ಕಿರಿಯರು ಅನ್ನೋದೇ ಇಲ್ಲ." ಹೇಳಿ ಮುಗಿಸಿ, ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದರು.

ಆ ಕಿಟಕಿ ತೆರೆಯುವುದು ಪಕ್ಕದ ಓಣಿಗೆ. ಓಣಿ ಎಷ್ಟು ಕಿರಿದು ಅಂದರೆ ಎದುರಿನ ಮನೆಯ ಕಿಟಕಿಗೆ ಕೈ ಚಾಚಿದರೆ ಸಾಕು, ನೂಲಿನ ಉಂಡೆ ಈಚೆಗೆ, ಹಳೆಯ ವಾರಪತ್ರಿಕೆ ಆಚೆಗೆ. ಆ ಮನೆಯಲ್ಲಿರುವವರು ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ. ಭಾರಿ ದೇಹ, ಜನರಲ್ ವಾರ್ಡಿನ ಈ ತುದಿಯಿಂದ ಆ ತುದಿಗೆ ಮುಟ್ಟಿಸಿ ಪಳಗಿದ ಗಂಟಲು. ಅವರ ತಲೆಬಾಗಿಲು ಇರುವುದು ಆಚೆ ಬೀದಿಗೆ, ಸುತ್ತಿ ಬರಲು ಅವರ ಕಾಲು ಒಪ್ಪುವುದಿಲ್ಲ. ಮೆಟ್ಟಿಲಿಳಿದು ಹೋಗಲು ಅತ್ತೆಯ ಮಂಡಿ ಒಪ್ಪುವುದಿಲ್ಲ. ಹೀಗಾಗಿ ದಿನಾ ಮಧ್ಯಾಹ್ನ ಇಬ್ಬರೂ ಅವರವರ ಕಿಟಕಿಗೆ ಬಂದು ಕೂರುತ್ತಿದ್ದರು. ಮಾತ್ರೆಗಳ ವಿಷಯ ಮುಗಿದ ಮೇಲೆ ಅಳಿಯಂದಿರ ವಿಷಯಕ್ಕೆ ಬರುತ್ತಿದ್ದರು ಅಂತ ಕೇಳಿದ್ದೇನೆ.

ಒಂದು ಸಂಜೆ ಹೆಂಡತಿ ಕೆಲಸದಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಅವಳು ಬ್ಯಾಂಕಿನಲ್ಲಿ ಕ್ಯಾಷಿಯರು. ಮನೆಯಲ್ಲೂ ಗಾಜಿನ ಆ ಕಡೆಯಿಂದಲೇ ಮಾತಾಡುತ್ತಾಳೆ.

"ರೀ, ಅಮ್ಮನ ಕಿಟಕಿಗೆ ಏನಾದ್ರೂ ಮಾಡ್ತೀರೋ ಇಲ್ವೋ?"

"ಬಡಗಿಗೆ ಹೇಳಿದೀನಿ ಕಣೇ."

"ಏನಂದ?"

"ನಾಳೆ ಬರ್ತೀನಿ ಅಂದ."

"ಯಾವಾಗ ಹಾಗಂದ?"

"ಹೋದ ವರ್ಷ."

(ನಮ್ಮ ಬಡಗಿಯನ್ನು ಬೀದಿಯವರೆಲ್ಲ 'ನಾಳೆ' ಅಂತಲೇ ಕರೆಯುವುದು. ಹಾಗೆ ಕೂಗಿದರೆ ತಿರುಗಿ ನೋಡುತ್ತಾನೆ, ಬೇಜಾರು ಮಾಡಿಕೊಳ್ಳುವುದಿಲ್ಲ.)

"ನೋಡಿ," ಅಂದಳು. "ಗಾಳಿ ಜೋರಾಗೋದ್ರೊಳಗೆ ಆ ಕಿಟಕಿ ಸರಿಹೋಗ್ಬೇಕು. ಇಲ್ಲಾಂದ್ರೆ ಅಮ್ಮನ ಮಂಚ ಈ ರೂಮಿಗೆ ಬರುತ್ತೆ. ನೀವು ಹಿಂದಿನ ರೂಮಲ್ಲಿ ಕೂತು ಗಾಳಿ ಕುಡೀರಿ."

ಹೇಳಿ, ಮಂಚ ಎಲ್ಲಿ ಹಿಡಿದೀತು ಅಂತ ಕಣ್ಣಲ್ಲೇ ಅಳೆದಳು. ಆ ನೋಟ ನನ್ನ ಕುರ್ಚಿಯ ಮೇಲೂ ಹಾದು ಹೋಯಿತು. ಇನ್ನು 'ನಾಳೆ'ಯನ್ನು ನಂಬಿ ಕೂತರೆ ಆಗದು, ಈ ಕಾರ್ಯವನ್ನು ನಾನೇ ಸ್ವಹಸ್ತದಿಂದ ನೆರವೇರಿಸಬೇಕು ಎಂದು ಆ ಕ್ಷಣವೇ ಸಂಕಲ್ಪ ಮಾಡಿದೆ.

ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಯ ಮಾಲೀಕರು ಸ್ಟೂಲು ಬಿಟ್ಟು ಎದ್ದದ್ದನ್ನು ಈ ಪೇಟೆಯಲ್ಲಿ ಯಾರೂ ನೋಡಿಲ್ಲ. ಉದ್ದನೆಯ ಕೋಲೊಂದನ್ನು ಇಟ್ಟುಕೊಂಡು, ಅದರಲ್ಲೇ ಡಬ್ಬಿಗಳನ್ನು ತೋರಿಸುತ್ತಾರೆ, ತೆಗೆದುಕೊಳ್ಳಬೇಕಾದವರು ನಾವು. ನನ್ನ ಕಿಟಕಿಯ ಪುರಾಣವನ್ನೆಲ್ಲ ಕಣ್ಣು ಮುಚ್ಚಿ ಕೇಳಿ, ಕೋಲನ್ನು ಮೇಲಿನ ಸಾಲಿನ ಒಂದು ರಟ್ಟಿನ ಪೆಟ್ಟಿಗೆಗೆ ಮುಟ್ಟಿಸಿದರು.

"ಹ್ಯಾಂಗರ್ ತಗೊಳ್ಳಿ."

"ಅಂಗಿ ನೇತುಹಾಕೋದಕ್ಕಲ್ಲ, ಕಿಟಕಿಗೆ."

"ಕಿಟಕಿದೇ ಸಾರ್. ಎರಡು ತುಂಡಿರುತ್ತೆ ನೋಡಿ. ನಾಲಗೆ ಇರೋದನ್ನ ಹೊರಗಡೆ ಕಿಟಕಿ ಮೇಲಿನ ಮರಕ್ಕೆ ಹೊಡೀರಿ. ಕಂಡಿ ಇರೋದನ್ನ ಬೇರೆ ಮಾಡಿಸೋ ಚೌಕಟ್ಟಿಗೆ ಹೊಡೀರಿ. ಚೌಕಟ್ಟನ್ನ ಎತ್ತಿ ನಾಲಗೆಗೆ ಸಿಕ್ಕಿಸಿದ್ರೆ ಕ್ಯಾಲೆಂಡರ್ ಥರ ನೇತಾಡುತ್ತೆ. ಕೆಳಗಡೆ ಒಳಗಿನಿಂದ ಒಂದು ಕೊಕ್ಕೆ. ಎರಡು ಚೌಕಟ್ಟು ಮಾಡಿಸಿಡಿ. ಸೊಳ್ಳೆ ಕಾಲಕ್ಕೆ ಜಾಲರಿದು, ಗಾಳಿ ಕಾಲಕ್ಕೆ ಗಾಜಿಂದು. ಹ್ಯಾಂಗರ್ ಅದೇ. ಬೇಕಾದಾಗ ತೆಗೀಬಹುದು, ಬೇಕಾದಾಗ ಹಾಕ್ಬಹುದು. ಇದರ ಗಮ್ಮತ್ತೇ ಅದು."

ಹಾಕುವುದರ ಬಗ್ಗೆ ಹೇಳಿದ್ದೆಲ್ಲ ನನ್ನ ತಲೆಗೆ ಹೋಯಿತು. ತೆಗೆಯುವುದರ ಮೇಲೆ ಗಮನ ಕೊಡಲಿಲ್ಲ. ಪೊಟ್ಟಣದಲ್ಲಿ ಬಂದ ಹಿತ್ತಾಳೆ ಸ್ಕ್ರೂಗಳು ಕಡಲೆಕಾಳಿನಷ್ಟಿದ್ದವು.

"ಇದಕ್ಕಿಂತ ಗಟ್ಟಿ ಇಲ್ವಾ? ಆ ಉದ್ದನೆಯದು ಒಂದಷ್ಟು ಕೊಡಿ."

"ಅದ್ಯಾಕೆ ಸಾರ್, ಅದು ಸೇತುವೆಗೆ ಹಾಕೋದು."

"ಇರಲಿ, ಮನೇಲಿದ್ರೆ ಯಾವುದಕ್ಕಾದ್ರೂ ಬರುತ್ತೆ."

ಅವರು ಕೋಲು ತೋರಿಸಿದರು, ನಾನು ತೆಗೆದುಕೊಂಡೆ.

ಗಾಜಿನ ಅಂಗಡಿಯವನು ಎರಡೂ ಚೌಕಟ್ಟನ್ನು ಹೇಳಿದ ಅಳತೆಗೇ ಮಾಡಿಕೊಟ್ಟ. ಕಿಟಕಿ ಮೇಲೆ ಒಂದು ಅಗಲ, ಕೆಳಗೆ ಒಂದು ಅಗಲ ಇದ್ದದ್ದರಿಂದ ಅಳತೆಯ ವಿಷಯದಲ್ಲಿ ನನಗೂ ಹೆಂಡತಿಗೂ ಒಂದು ಸುತ್ತು ನಡೆದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮನೆಯಲ್ಲಿ ನೆಲ ನಿಜಕ್ಕೂ ಡೊಂಕು ಅಂತ ನಾನು, ಟೇಪು ಹಿಡಿದವರ ಕೈ ಡೊಂಕು ಅಂತ ಅವಳು. ಹೊರಗಿನಿಂದ ನೇತುಹಾಕುವ ಚೌಕಟ್ಟು ಕಿಟಕಿಗಿಂತ ದೊಡ್ಡದಿದ್ದರೆ ಸಾಕು, ಡೊಂಕೆಲ್ಲ ಒಳಗೆ ಮುಚ್ಚಿಹೋಗುತ್ತದೆ ಅಂತ ಅಂಗಡಿಯವನೇ ರಾಜಿ ಮಾಡಿಸಿದ. ಆಗಲೇ ಗಾಳಿ ಬೀಸತೊಡಗಿದ್ದರಿಂದ ಮೊದಲು ಗಾಜಿನದನ್ನು ಹಾಕುವುದು, ಜಾಲರಿಯದನ್ನು ಕಾಗದ ಸುತ್ತಿ ಮೂಲೆಗಿಡುವುದು ಎಂದಾಯಿತು.

ರಜೆಯ ದಿನ ಮುಹೂರ್ತ. ನಾನು ಓಣಿಯಲ್ಲಿ ಏಣಿಯ ಮೇಲೆ. ಹೆಂಡತಿ ಒಳಗೆ, ಕೊಕ್ಕೆ ಹಿಡಿದುಕೊಂಡು. ಅತ್ತೆ ಮಂಚದ ಮೇಲೆ. ನನ್ನ ಬೆನ್ನಿಗೆ ತಾಗುವಷ್ಟು ಹತ್ತಿರದಲ್ಲಿ, ಎದುರು ಕಿಟಕಿಯಲ್ಲಿ ನರ್ಸಮ್ಮ. ಹ್ಯಾಂಗರಿನ ನಾಲಗೆಗಳನ್ನು ಹೊಡೆದದ್ದಾಯಿತು. ಇನ್ನು ಗಾಜಿನ ಚೌಕಟ್ಟನ್ನು ಎತ್ತಿ ಕಂಡಿಯನ್ನು ನಾಲಗೆಗೆ ಸಿಕ್ಕಿಸಬೇಕು. ಗಾಜು ಅಡ್ಡ ಬಂದು ನನಗೆ ನಾಲಗೆ ಕಾಣುವುದಿಲ್ಲ, ಒಳಗಿದ್ದವಳಿಗೆ ಕಾಣುತ್ತದೆ.

"ಎಡಕ್ಕೆ," ಅಂದಳು. ಎಡಕ್ಕೆ ಸರಿಸಿದೆ.

"ಎಡಕ್ಕೆ ಅಂದ್ರೆ ಬಲಕ್ಕೆ ಸರಿಸ್ತೀರಲ್ಲ."

"ನಾನು ಸರಿಸಿದ್ದು ಎಡಕ್ಕೇ."

"ಅದು ನಿಮ್ಮ ಎಡ. ನಾನು ಹೇಳಿದ್ದು ಎಡ."

"ಎಡದಲ್ಲಿ ನಿಂದು ನಂದು ಅಂತ ಇರುತ್ತೇನೇ?"

"ಅವರು ಸರಿಯಾಗೇ ಸರಿಸಿದ್ರು ಕಣಮ್ಮ," ಅಂದರು ನರ್ಸಮ್ಮ ಹಿಂದಿನಿಂದ. ಅವರೂ ನಾನೂ ಒಂದೇ ಕಡೆಗೆ ಮುಖ ಮಾಡಿದ್ದೆವಲ್ಲ, ಆ ದಿನ ಇಡೀ ಪ್ರಪಂಚದಲ್ಲಿ ನನ್ನ ಎಡವನ್ನು ಎಡ ಅಂತ ಒಪ್ಪಿಕೊಂಡವರು ಅವರೊಬ್ಬರೇ. ಕೊನೆಗೆ ಅತ್ತೆ, "ಬೀರು ಕಡೆ, ಬಾಗಿಲ ಕಡೆ ಅಂತ ಹೇಳ್ರೇ," ಅಂದರು. ನಾನು ಏಣಿಯ ಮೇಲೆ ನಿಂತು ಕೋಣೆಯೊಳಗೆ ಬೀರು ಎಲ್ಲಿದೆ ಅಂತ ನೆನಪು ಮಾಡಿಕೊಂಡು ಸರಿಸಿದೆ. ಟಕ್ ಅಂತ ಕೂತಿತು. ಹೆಂಡತಿ ಒಳಗಿನಿಂದ ಕೊಕ್ಕೆ ಹಾಕಿದಳು. ಕಿಟಕಿಗೆ ಗಾಜು ಬಂತು. ಅತ್ತೆ ಕೈಯಾಡಿಸಿ ನೋಡಿ, "ಗಾಳಿ ನಿಂತೇ ಹೋಯ್ತಲ್ಲ," ಅಂದರು. ಆ ಸಂಜೆಯ ಪದಬಂಧದಷ್ಟು ಗಾಢವಾದ ಪದಬಂಧವನ್ನು ನಾನು ಯಾವತ್ತೂ ಬಿಡಿಸಿಲ್ಲ.

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಅತ್ತೆ, "ರಾತ್ರಿಯೆಲ್ಲ ಯಾರೋ ಬಾಗಿಲು ತಟ್ಟಿದ ಹಾಗೆ. ಎದ್ದೆದ್ದು ಹೋಗಿ ತೆಗೆದೆ. ಯಾರೂ ಇರ್ಲಿಲ್ಲ," ಅಂದರು.

ಗಾಳಿಗೆ ಚೌಕಟ್ಟು ಅಲುಗಾಡಿ ಮರಕ್ಕೆ ಬಡಿಯುತ್ತಿತ್ತು. ಹೆಂಡತಿ ಮತ್ತೆ ನನ್ನ ಕೋಣೆಯ ಕಡೆಗೆ ಆ ಮಂಚದಳತೆಯ ನೋಟ ಬೀರಿದಳು. ಏಣಿ ತೆಗೆದುಕೊಂಡು ಓಣಿಗೆ ಓಡಿದೆ.

ನರ್ಸಮ್ಮ ಕಿಟಕಿಯಿಂದಲೇ ಪರೀಕ್ಷಿಸಿ, "ಸಂದಿಗೆ ಒಂಚೂರು ಹತ್ತಿ ತುರುಕಿ, ಸರಿಹೋಗುತ್ತೆ," ಅಂದರು.

ಕಿಟಕಿ ಅಂದರೆ ಇವರು ಹುಣ್ಣು ಅಂದುಕೊಂಡಿದ್ದಾರಾ ಅಂತ ನಗು ಬಂತು. ಹೆಂಡತಿ, "ಅಂಗಡಿಯವರನ್ನ ಒಂದು ಮಾತು ಕೇಳ್ಬಾರ್ದಾ?" ಅಂದಳು. ಗಂಡಸು ಏಣಿ ಹತ್ತಿದ ಮೇಲೆ ಯಾರನ್ನೂ ಕೇಳುವುದಿಲ್ಲ. ಸೇತುವೆಯ ಸ್ಕ್ರೂಗಳನ್ನು ತಂದೆ. ಚೌಕಟ್ಟನ್ನೂ ಅದರ ಹಿಂದಿನ ಮರವನ್ನೂ ಸೇರಿಸಿ ನಾಲ್ಕೂ ಸುತ್ತ ಬಿಗಿದೆ. ಸ್ಕ್ರೂಡ್ರೈವರಿನ ಮೂತಿ ಮೊಂಡಾಯಿತು, ಅಡುಗೆಮನೆಯ ಚಾಕುವಿನ ತುದಿಯಲ್ಲಿ ತಿರುಗಿಸಿದೆ. ಚಾಕುವಿನ ತುದಿ ಹೋಯಿತು, ಸುತ್ತಿಗೆಯಲ್ಲಿ ಹೊಡೆದೆ. (ತಿರುಗದ ಸ್ಕ್ರೂವನ್ನು ಮೊಳೆಯೆಂದು ಭಾವಿಸಿ ಹೊಡೆಯುವುದು ನಮ್ಮ ವಂಶದಲ್ಲಿ ತಲೆಮಾರುಗಳಿಂದ ಬಂದದ್ದು.) ಸ್ಕ್ರೂಗಳ ತಲೆ ಸವೆದು ಗುಂಡುಕಲ್ಲಿನಷ್ಟು ನುಣ್ಣಗಾಯಿತು. ಅದು ಚೆನ್ನಾಗಿ ಕಾಣದೆಂದು ಮೇಲೆ ಪುಟ್ಟಿ ಮೆತ್ತಿ ಎರಡು ಕೈ ಬಣ್ಣ ಬಳಿದೆ. ಬಿರುಗಾಳಿ ಬಂದರೆ ಮನೆ ಹೋದೀತು, ಕಿಟಕಿ ಹೋಗದು.

ಸದ್ದಡಗಿತು. ಬರಿಯ ಬಡಿತದ ಸದ್ದಲ್ಲ, ಓಣಿಯ ಸದ್ದೆಲ್ಲ. ನರ್ಸಮ್ಮನ ಆ ಗಂಟಲು ಕೂಡ ಗಾಜಿನಾಚೆಗೇ ನಿಂತುಬಿಟ್ಟಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಅಂದುಕೊಂಡೆ. ಬೆಳಗಿನ ಕಾಫಿಯ ಹೊತ್ತಿನಲ್ಲಿ ಅತ್ತೆಯ ಬಾಯಿಂದ ಒಂದು ದೂರಿಲ್ಲ. ಆಮೇಲೆ ಯೋಚಿಸಿದರೆ, ದೂರು ಮಾತ್ರವಲ್ಲ, ಮಾತೇ ಇರಲಿಲ್ಲ. ಆಗ ನನಗದು ಹೊಳೆಯಲಿಲ್ಲ.

ಆ ವಾರವೇ ಒಂದು ಸಂಜೆ ಆಫೀಸಿನಿಂದ ಬಂದು ನನ್ನ ಕೋಣೆಗೆ ಕಾಲಿಟ್ಟರೆ, ರೇಡಿಯೊ ಹಾಡುತ್ತಿದೆ. ಸ್ಟೂಲಿನ ಮೇಲೆ ಎರಡು ಕಾಲು. ನನ್ನ ಕುರ್ಚಿಯಲ್ಲಿ ಅತ್ತೆ. ಯಾವ ಪಕ್ಕಕ್ಕೂ ವಾಲಿರಲಿಲ್ಲ.

"ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ," ಅಂದರು.

ಕೂರುವುದಕ್ಕೆ ಏನೂ ಉಳಿದಿರಲಿಲ್ಲ. ನಿಂತೇ ಕೇಳಿದೆ, "ಯಾಕತ್ತೆ, ಹಿಂದಿನ ರೂಮಲ್ಲಿ ಮತ್ತೆ ಗಾಳಿ ಬರ್ತಿದೆಯಾ?"

"ಗಾಳಿ ಸುಳಿವೇ ಇಲ್ಲ. ಒಳ್ಳೆ ಕೆಲಸ ಮಾಡಿದೀರಿ."

"ಬಾಗಿಲು ತಟ್ಟೋ ಶಬ್ದ?"

"ಯಾವ ಶಬ್ದವೂ ಇಲ್ಲ. ಅದೇ ನೋಡಿ ಆಗಿದ್ದು. ನೀವಿಬ್ರೂ ಬೆಳಿಗ್ಗೆ ಹೋದ್ರೆ ಬರೋದು ಸಂಜೆ. ಅಲ್ಲೀವರೆಗೂ ನನಗೆ ಆ ನರ್ಸಮ್ಮ ಒಬ್ಬರು. ಈಗ ಅವರು ಬಾಯಿ ಆಡಿಸ್ತಾರೆ, ನನಗೊಂದೂ ಕೇಳಿಸಲ್ಲ. ನಾನು ಆಡಿಸ್ತೀನಿ, ಅವರಿಗೆ ಕೇಳಿಸಲ್ಲ. ಗಾಜಿನ ತೊಟ್ಟೀಲಿರೋ ಮೀನನ್ನ ನೋಡಿದ ಹಾಗೆ ಎಷ್ಟು ಹೊತ್ತು ನೋಡ್ಲಿ? ಇಲ್ಲಿ ಬೀದಿಯಾದ್ರೂ ಕಾಣುತ್ತೆ, ಹೋಗೋರು ಬರೋರು ಒಂದು ಮಾತಾಡಿಸ್ತಾರೆ."

"ಆದರೆ ಗಾಳಿ ಬರುತ್ತೆ ಅಂತ ನೀವೇ ದಿನಾ ಹೇಳ್ತಿದ್ರಲ್ಲ ಅತ್ತೆ."

"ಗಾಳಿ ಬರುತ್ತೆ ಅಂದೆ. ಮುಚ್ಚಿಬಿಡಿ ಅಂದ್ನಾ?"

ನನಗೆ ಪಿಚ್ಚೆನಿಸಿತು, ಅದನ್ನೂ ಹೇಳಿಬಿಡುತ್ತೇನೆ. ಅವರ ತೊಂದರೆ ಗಾಳಿ, ಸೊಳ್ಳೆ ಅಂತಲೇ ನಾನು ತಿಳಿದಿದ್ದೆ. ಆ ಕೋಣೆಯಲ್ಲಿ ಹಗಲು ಎಷ್ಟು ಉದ್ದ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಅವರ ಪಾಲಿಗೆ ಇದ್ದ ಒಂದು ಮಾತಿನ ಕಂಡಿಯನ್ನು ಹುಡುಕಿ ಹುಡುಕಿ ಪುಟ್ಟಿ ಮೆತ್ತಿದ್ದೆ.

ಅಷ್ಟರಲ್ಲಿ ಅಂಗಡಿಯವರ ಮಾತು ನೆನಪಾಯಿತು. ಬೇಕಾದಾಗ ತೆಗೀಬಹುದು. ಓಹೋ, ಇದಕ್ಕೇನು ಮಹಾ, ಎತ್ತಿದರೆ ಬಂತು. "ಅತ್ತೆ, ಐದು ನಿಮಿಷ," ಅಂತ ಏಣಿ ಹಿಡಿದು ಓಣಿಗೆ ಹೋದೆ. ಪುಟ್ಟಿ ಕೆರೆದೆ. ಸ್ಕ್ರೂಗಳ ನುಣ್ಣನೆಯ ತಲೆಗಳು ಮಿರಿಮಿರಿ ಮಿಂಚಿದವು. ಸ್ಕ್ರೂಡ್ರೈವರ್ ಇಟ್ಟಲ್ಲೆಲ್ಲ ಜಾರಿತು. ಚಾಕು ಜಾರಿತು. ನಾನೂ ಒಂದು ಮೆಟ್ಟಿಲು ಜಾರಿದೆ. ನರ್ಸಮ್ಮ ಕಿಟಕಿಯಲ್ಲಿ ಕೂತು ಒಂದು ಹತ್ತಿಯ ಉಂಡೆಯನ್ನು ಬೆರಳಲ್ಲಿ ಉರುಳಿಸುತ್ತಿದ್ದರು.

ಅಂಗಡಿಗೆ ಓಡಿದೆ.

"ಹ್ಯಾಂಗರಿಂದ ಚೌಕಟ್ಟು ತೆಗೆಯೋದಕ್ಕೆ ಏನಾದ್ರೂ ಸಾಮಾನು ಇದೆಯಾ?"

"ಅದಕ್ಕೆ ಸಾಮಾನು ಯಾಕೆ ಸಾರ್. ಎತ್ತಿದ್ರೆ ಬರುತ್ತೆ."

"ಸ್ಕ್ರೂ ಹೊಡೆದಿದೀನಿ."

"ಯಾವ ಸ್ಕ್ರೂ?"

ಜೇಬಿನಲ್ಲಿ ಉಳಿದಿದ್ದ ಒಂದನ್ನು ತೆಗೆದು ತೋರಿಸಿದೆ. ಮಾಲೀಕರು ಕೋಲು ಕೆಳಗಿಟ್ಟರು. ಸ್ಟೂಲಿನಿಂದ ಎದ್ದು ನಿಂತರು. ಪಕ್ಕದ ಅಂಗಡಿಯವರೂ ಇಣುಕಿ ನೋಡಿದರು, ಏನೋ ಅನಾಹುತ ಆಗಿದೆ ಅಂತ.

"ಇನ್ನು ಒಂದೋ ಗಾಜು ಒಡೀಬೇಕು, ಇಲ್ಲಾ ಗೋಡೆ ಒಡೀಬೇಕು," ಅಂದರು. "ಬಡಗಿಯನ್ನ ಕರೆಸಿ."

ಬಡಗಿಯನ್ನು ದಾರಿಯಲ್ಲೇ ಹಿಡಿದೆ. ಏನು ಹೇಳಿದ ಅಂತ ಬರೆಯುವ ಅಗತ್ಯವಿಲ್ಲ.

ಗಾಜು ಒಡೆಯುವ ಮಾತೆತ್ತಿದೆ. ಓಣಿ ತುಂಬ ಚೂರು ಬೀಳುತ್ತದೆ, ಈ ವಯಸ್ಸಿನಲ್ಲಿ ಇನ್ನು ಯಾರ ಕಾಲಿಗೂ ಪಟ್ಟಿ ಕಟ್ಟುವುದಿಲ್ಲ ಅಂತ ನರ್ಸಮ್ಮ ಖಂಡಿತವಾಗಿ ಹೇಳಿದರು. ಹೆಂಡತಿಯ ಹತ್ತಿರ ಹೋದೆ.

"ಏನೇ ಮಾಡೋದು ಈಗ?"

"ಮಾಡಿದ್ದುಣ್ಣೋ ಮಹಾರಾಯ," ಅಂದಳು. "ಕೌಂಟರ್ ಬಿಟ್ಟು ಹೋದ ಮೇಲೆ ನಾವು ದೂರು ತಗೊಳ್ಳಲ್ಲ. ಮಂಚದ ಆ ತುದಿ ಹಿಡ್ಕೊಳ್ಳಿ."

ಮಂಚ ನನ್ನ ಕೋಣೆಗೆ ಹೋಯಿತು. ಅವಳು ಕಣ್ಣಲ್ಲಿ ಅಳೆದಿದ್ದ ಜಾಗದಲ್ಲೇ ಸರಿಯಾಗಿ ಕೂತಿತು. (ಅಳತೆಯ ವಿಷಯದಲ್ಲಿ ಅವಳ ಕೈ ಡೊಂಕಲ್ಲ ಅಂತ ಈಗ ಒಪ್ಪಿಕೊಳ್ಳುತ್ತೇನೆ.) ಕುರ್ಚಿ ಅಲ್ಲೇ ಉಳಿಯಿತು, ಮಂಡಿಗೆ ಅದೇ ಒಳ್ಳೆಯದಂತೆ. ನಾನು ಹಿಂದಿನ ಕೋಣೆಗೆ ಬಂದೆ. ಇಲ್ಲಿ ಗಾಳಿಯಿಲ್ಲ, ಸೊಳ್ಳೆಯಿಲ್ಲ, ಸದ್ದಿಲ್ಲ, ಉಸಿರೂ ಅಷ್ಟಕ್ಕಷ್ಟೇ. ಮೂಲೆಯಲ್ಲಿ ಜಾಲರಿಯ ಚೌಕಟ್ಟು ಹೊಸ ಕಾಗದದಲ್ಲಿ ಹಾಗೇ ನಿಂತಿದೆ.

ಇಷ್ಟಾದರೂ ಪದಬಂಧ ಬಿಡಿಸಬಹುದಿತ್ತು. ಆದರೆ ನರ್ಸಮ್ಮ ಮಧ್ಯಾಹ್ನದ ಮಾತನ್ನೆಲ್ಲ ಕೂಡಿಟ್ಟುಕೊಂಡು ನಾನು ಆಫೀಸಿನಿಂದ ಬರುವುದನ್ನೇ ಕಾಯುತ್ತಿರುತ್ತಾರೆ. ನಾನು ಪತ್ರಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಲೇ ಉದ್ದ ಸೌಟಿನಿಂದ ನನ್ನ ಗಾಜಿಗೆ ಬಡಿಯುತ್ತಾರೆ. ಆ ಸದ್ದು ಮಾತ್ರ ಒಳಗೆ ಬರುತ್ತದೆ. ನಾನು ಎದ್ದು, ಹಿಂಬಾಗಿಲಿನ ಮೆಟ್ಟಿಲಿಳಿದು, ಓಣಿಗೆ ಹೋಗಿ ಅವರ ಕಿಟಕಿಯ ಕೆಳಗೆ ನಿಲ್ಲಬೇಕು.

ನಿನ್ನೆಯೂ ಹಾಗೇ ಆಯಿತು.

"ನಿಮ್ಮತ್ತೆಗೆ ಒಂದು ಮಾತು ಹೇಳ್ಬೇಕಿತ್ತು," ಅಂದರು. "ಇದ್ದದ್ದು ಇದ್ದ ಹಾಗೇ ಹೇಳ್ತೀರಾ?"

"ಹೇಳ್ತೀನಿ."

"ನಿಮ್ಮಳಿಯನ ಕೈಗೆ ಸುತ್ತಿಗೆ ಕೊಡೋದೂ ಒಂದೇ, ಮಗು ಕೈಗೆ ಬ್ಲೇಡು ಕೊಡೋದೂ ಒಂದೇ ಅಂತ ನಾನು ಅವತ್ತೇ ಅಂದಿದ್ದೆ. ನಿಮ್ಮತ್ತೆ, ಇಲ್ಲ, ನಮ್ಮಳಿಯಂದ್ರು ಜಾಣರು ಅಂದಿದ್ರು. ಈಗ ಏನಂತಾರೆ, ಕೇಳ್ಕೊಂಡು ಬನ್ನಿ."

ಮೆಟ್ಟಿಲು ಹತ್ತಿ, ಅಡುಗೆಮನೆ ದಾಟಿ, ನನ್ನ ಕೋಣೆಗೆ, ಅಂದರೆ ಅತ್ತೆಯ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೇ ಒಪ್ಪಿಸಿದೆ. ಅತ್ತೆ ರೇಡಿಯೊ ಸಣ್ಣಗೆ ಮಾಡಿದರು.

"ಗಾಳಿ ಮಾತ್ರ ನಿಂತಿದೆ ಅಂತ ಹೇಳಿ," ಅಂದರು. ನನಗೆ ಕಣ್ಣು ತುಂಬಿ ಬಂತು. ಬಾಗಿಲ ತನಕ ಹೋಗಿದ್ದವನನ್ನು ಮತ್ತೆ ಕರೆದರು. "ಮಿಕ್ಕಿದ್ದೆಲ್ಲ ಅವರು ಹೇಳಿದ್ದೇ ಸರಿ ಅಂತಾನೂ ಹೇಳ್ಬಿಡಿ."

ಎರಡನ್ನೂ ಹೋಗಿ ಹೇಳಿದೆ. ನರ್ಸಮ್ಮನಿಗೆ ಬಹಳ ಸಂತೋಷವಾಯಿತು. ಕಿಟಕಿಯ ಕಟ್ಟೆಗೆ ಮೊಣಕೈ ಊರಿ, ಮುಂದಕ್ಕೆ ಬಾಗಿ, "ಹಾಗಾದ್ರೆ ಇನ್ನೊಂದು ವಿಷಯ ಇದೆ," ಅಂದರು.

ಏಣಿ ಇನ್ನೂ ಓಣಿಯಲ್ಲೇ ಇತ್ತು. ಅದರ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಪೂರ್ತಿ ಕೇಳಿಸಿಕೊಂಡೇ ಹೋದರೆ ಒಂದು ಸಲದ ಓಡಾಟ ಉಳಿಯುತ್ತದೆ.